ಹೆಬ್ಬಾಳದಾಚೆಯ ಎರೆಹುಳು, ನಿಮ್ಮ ಹಿತ್ತಿಲ ತೊಟ್ಟಿ

ಬೆಂಗಳೂರಿಗೆ ಹೋಗಿಬರುವುದೆಂದರೆ ಸಣ್ಣ ಊರಿನ ನಮಗೆಲ್ಲ ಒಂದು ಗೊತ್ತಾದ ಪಟ್ಟಿಯೇ ಇರುತ್ತದೆ, ಅಲ್ಲವೇ? ಬಂಧುಗಳ ಮನೆಯ ಮದುವೆ, ಚಿಕ್ಕಪೇಟೆಯಲ್ಲಿ ಸೀರೆ, ಲಾಲ್‌ಬಾಗಿನಲ್ಲಿ ಒಂದು ಸುತ್ತು, ಮಕ್ಕಳ ಹಟಕ್ಕೆ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ರಾತ್ರಿ ಬಸ್ಸಿಗೆ ವಾಪಸು. ಮುಂದಿನ ಸಲ ಹೋದಾಗ ಒಂದು ಬೆಳಗನ್ನು ಉಳಿಸಿಕೊಳ್ಳಿ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಒಂದು ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿ ಸೀರೆಯಿಲ್ಲ, ಸಿನಿಮಾ ಇಲ್ಲ. ಅಲ್ಲಿರುವುದು ಎರೆಹುಳು!

"ಅಯ್ಯೋ, ಹುಳ ನೋಡೋಕೆ ಬೆಂಗಳೂರಿಗೆ ಹೋಗಬೇಕೇ? ಮಳೆ ಬಂದರೆ ನಮ್ಮ ಅಂಗಳದಲ್ಲೇ ಬೇಕಾದಷ್ಟು ಹರಿದಾಡ್ತವೆ" ಅನ್ನುತ್ತೀರೇನೋ. ತಾಳಿ. ದಿನಾ ಬೆಳಿಗ್ಗೆ ತರಕಾರಿ ಹೆಚ್ಚಿದ ಮೇಲೆ ಉಳಿಯುವ ಸಿಪ್ಪೆ, ಕೊತ್ತಂಬರಿ ಕಡ್ಡಿ, ಕಾಫಿ ಚರಟ, ದೇವರ ಮನೆಯ ಬಾಡಿದ ಹೂವು, ಇವೆಲ್ಲ ಎಲ್ಲಿಗೆ ಹೋಗುತ್ತವೆ? ಹಿಂದೆ ಹಿತ್ತಿಲಿತ್ತು, ಹಿತ್ತಿಲ ಮೂಲೆಯಲ್ಲಿ ತಿಪ್ಪೆಗುಂಡಿಯಿತ್ತು, ಕೊಟ್ಟಿಗೆಯಲ್ಲಿ ದನವಿತ್ತು. ಈಗ ಊರಿನ ಮನೆಗಳಲ್ಲೂ ಹಿತ್ತಿಲು ಸಿಮೆಂಟಾಗಿದೆ. ದನ ಹೋಯಿತು, ಬಕೆಟ್ಟು ಬಂತು. ಆ ಬಕೆಟ್ಟು ಬೀದಿಯ ಗಾಡಿಗೆ ಹೋಗುತ್ತದೆ, ಗಾಡಿ ಎಲ್ಲಿಗೆ ಹೋಗುತ್ತದೆಂದು ನಾವು ಕೇಳುವುದಿಲ್ಲ. ಅದನ್ನು ಕೇಳುವಂತೆ ಮಾಡುವ ಪ್ರವಾಸ ಇದು.

ಜಿಕೆವಿಕೆಗೆ ದಾರಿ

ಮೆಜೆಸ್ಟಿಕ್‌ನಿಂದ ಯಲಹಂಕದ ಕಡೆ ಹೋಗುವ ಬಸ್ಸು ಹತ್ತಿ "ಜಿಕೆವಿಕೆ" ಎಂದರೆ ಸಾಕು, ಕಂಡಕ್ಟರು ಇಳಿಸುತ್ತಾರೆ. ದಟ್ಟಣೆ ಹೇಗಿದೆಯೋ ಅದರ ಮೇಲೆ ಮುಕ್ಕಾಲು ಗಂಟೆಯೂ ಆದೀತು, ಒಂದೂವರೆ ಗಂಟೆಯೂ ಆದೀತು. ಜಿಕೆವಿಕೆ ಎಂದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ. 1964ರಲ್ಲಿ ಆರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಮುಖ್ಯ ಆವರಣ ಇದೇ. ಹೆಬ್ಬಾಳದ ಮೇಲ್ಸೇತುವೆಯ ಗದ್ದಲ, ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳ ಸಾಲು, ಇವೆಲ್ಲ ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗಲೇ ಗೇಟು ದಾಟಿದರೆ ಮರಗಳ ನೆರಳಿನ ಉದ್ದನೆಯ ರಸ್ತೆ, ಆಚೀಚೆ ರಾಗಿ, ಜೋಳ, ತೊಗರಿಯ ತಾಕುಗಳು. ಊರಿಗೇ ವಾಪಸು ಬಂದೆವೇ ಅನ್ನಿಸಬೇಕು!

ಹೋಗುವುದಾದರೆ ಕೃಷಿ ಮೇಳದ ದಿನಗಳಲ್ಲೇ ಹೋಗಿ. ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ನಾಲ್ಕು ದಿನ ನಡೆಯುತ್ತದೆ. ಕೋಲಾರ, ತುಮಕೂರು, ಮಂಡ್ಯ, ಚಾಮರಾಜನಗರ, ಎಲ್ಲೆಲ್ಲಿಂದಲೋ ರೈತರು ಹೆಂಡತಿ ಮಕ್ಕಳೊಂದಿಗೆ ಬರುತ್ತಾರೆ. ಹೊಸ ತಳಿಯ ರಾಗಿ, ಟ್ರಾಕ್ಟರು, ಕುರಿ, ಕೋಳಿ, ಅಣಬೆ, ಜೇನುಪೆಟ್ಟಿಗೆ, ನೋಡಿದಷ್ಟೂ ಮುಗಿಯದು. ಗಂಡಸರು ಯಂತ್ರಗಳ ಮುಂದೆ ನಿಂತುಬಿಟ್ಟರೆ ಅವರನ್ನು ಅಲ್ಲೇ ಬಿಡಿ. ನೀವು ಎರೆಗೊಬ್ಬರದ ಮಳಿಗೆಗಳನ್ನು ಹುಡುಕಿಕೊಂಡು ಹೋಗಿ.

ಇಬ್ಬರು ಹೆಂಗಸರು ಹಚ್ಚಿದ ದೀಪ

ಎರೆಹುಳು ನೋಡಲು ಬೇರೆಲ್ಲೂ ಅಲ್ಲದೆ ಇಲ್ಲಿಗೇ ಕರೆದುಕೊಂಡು ಬಂದಿದ್ದಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ಎರೆಗೊಬ್ಬರದ ಮಾತು ಇನ್ನೂ ಅಪರೂಪವಾಗಿದ್ದ ಕಾಲದಲ್ಲಿ ಈ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಡಿ. ಕಾಳೆ ಮತ್ತು ಕುಬ್ರಾ ಬಾನೊ ಎಂಬ ಇಬ್ಬರು ಮಹಿಳೆಯರು ಹುಳುಗಳನ್ನು ಸಾಕಿ, ಕಸ ತಿನ್ನಿಸಿ, ಬಂದ ಗೊಬ್ಬರವನ್ನು ಹೊಲದಲ್ಲಿ ಹಾಕಿ ಪರೀಕ್ಷಿಸಿದರು. ಅವರು ತಯಾರಿಸಿದ ಎರೆಗೊಬ್ಬರಕ್ಕೆ "ವೀ ಕಾಂಪ್ ಇ. 83 ಯುಎಎಸ್" ಎಂದು ಹೆಸರಿತ್ತು. ಅದರ ಕ್ಷೇತ್ರ ಪ್ರಯೋಗದ ವರದಿ 1986ರಲ್ಲಿ ಪ್ರಕಟವಾಯಿತು. ರಾಧಾ ಕಾಳೆಯವರು 1998ರಲ್ಲಿ ಬರೆದ ಇಂಗ್ಲಿಷ್ ಪುಸ್ತಕದ ಹೆಸರಿನಲ್ಲಿ ಎರೆಹುಳುವನ್ನು ಸಾವಯವ ಕೃಷಿಯ 'ಸಿಂಡ್ರೆಲಾ' ಎಂದು ಕರೆದಿದ್ದಾರೆ. ಬೂದಿ ಮೆತ್ತಿಕೊಂಡು ಮನೆಯ ಕೆಲಸವೆಲ್ಲ ಮಾಡಿ, ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿ ಕೂತ ಹುಡುಗಿ! ಈ ಹೋಲಿಕೆ ಹೆಂಗಸಿಗಲ್ಲದೆ ಇನ್ನಾರಿಗೆ ಹೊಳೆದೀತು ಹೇಳಿ.

ಎರೆಹುಳುಗಳಲ್ಲೂ ಜಾತಿ ಉಂಟು. ನಿಮ್ಮ ಅಂಗಳದಲ್ಲಿ ಮಳೆಗೆ ಮೇಲೆ ಬರುವ ಹುಳುಗಳಲ್ಲಿ ಹೆಚ್ಚಿನವು ಮಣ್ಣಿನ ಆಳದಲ್ಲಿ ಬಿಲ ತೋಡಿ, ಮಣ್ಣನ್ನೇ ತಿಂದು ಬದುಕುವವು. ಅವನ್ನು ಹಿಡಿದು ತೊಟ್ಟಿಗೆ ಹಾಕಿದರೆ ಕೆಲಸ ಆಗದು. ಕಸ ತಿನ್ನುವವು ಮೇಲ್ಪದರದಲ್ಲಿ, ಕೊಳೆತ ಎಲೆ-ಸಗಣಿಯ ನಡುವೆ ಇರುವ ಹುಳುಗಳು. ನಮ್ಮ ಕಡೆ ಮೂರು ಬಗೆ ಬಳಕೆಯಲ್ಲಿವೆ. ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೆ: ದಪ್ಪ, ಉದ್ದ, ಹೊಟ್ಟೆಬಾಕ, ಬೆಚ್ಚಗಿನ ಊರಿಗೆ ಒಗ್ಗುತ್ತದೆ, ಚಳಿ ಆಗದು. ಐಸೀನಿಯಾ ಫೆಟಿಡಾ: ಸಣ್ಣದು, ಕೆಂಪು ಪಟ್ಟೆಯದು, ಚಳಿಯನ್ನೂ ತಡೆಯುತ್ತದೆ. ಮೂರನೆಯದು ನಮ್ಮದೇ ನೆಲದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್: ಹಳೆಯ ತಿಪ್ಪೆಯ ತೇವದಲ್ಲಿ, ಸಗಣಿ ಗುಡ್ಡೆಯ ಅಡಿಯಲ್ಲಿ ಮಿಂಚುವ ಚುರುಕಿನ ಹುಳು. ಹೆಸರು ನೆನಪಿಡುವ ಕಷ್ಟ ಬೇಡ. "ಕಸ ತಿನ್ನುವ ಹುಳು, ನಮ್ಮೂರಿನ ಹವೆಗೆ ಒಗ್ಗುವಂಥದು ಕೊಡಿ" ಎಂದರೆ ಸಾಕು. ಒಂದು ಮಾತು ಮಾತ್ರ. ಹೊರನಾಡಿನ ಹುಳುವನ್ನು ತೊಟ್ಟಿಯಲ್ಲೇ ಇಟ್ಟುಕೊಳ್ಳಿ. ಮಲೆನಾಡಿನವರು ಹೆಚ್ಚಾದದ್ದನ್ನು ಕಾಡಂಚಿಗೆ ಸುರಿಯಬೇಡಿ, ಕೇಳಿದವರಿಗೆ ಕೊಡಿ.

ಈ ಹುಳುವಿಗೆ ಹಲ್ಲಿಲ್ಲ, ಕಣ್ಣಿಲ್ಲ, ಶ್ವಾಸಕೋಶವೂ ಇಲ್ಲ. ಒದ್ದೆ ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒಣಗಿದರೆ ಸತ್ತಿತು, ನೀರಿನಲ್ಲಿ ಮುಳುಗಿ ಗಾಳಿ ಸಿಗದಿದ್ದರೂ ಸತ್ತಿತು. ಬೆಳಕು ಕಂಡರಾಗದು. ಮೆತ್ತಗೆ ಕೊಳೆತದ್ದನ್ನು ನುಂಗಿ, ಹೊಟ್ಟೆಯೊಳಗಿನ ಮರಳಿನ ಕಣಗಳಲ್ಲಿ ಅರೆದು, ಕಡೆಗೆ ಚಹಾಪುಡಿಯಂಥ ಕರಿಯ ಕಾಳಾಗಿ ಹೊರಗೆ ಬಿಡುತ್ತದೆ. ಆ ಕಾಳೇ ಎರೆಗೊಬ್ಬರ. ಇಷ್ಟು ತಿಳಿದುಕೊಂಡರೆ ತೊಟ್ಟಿಯ ವಿಷಯ ಅರ್ಧ ತಿಳಿದ ಹಾಗೆ: ನೆರಳು, ತೇವ, ಗಾಳಿ, ಕತ್ತಲೆ. ಬಾಕಿಯೆಲ್ಲ ಅಲಂಕಾರ.

ಅದೇ ದಿಕ್ಕಿನ ಇನ್ನೊಂದು ಊರು

ತೊಟ್ಟಿಗಳ ಮಳಿಗೆಗೆ ಹೋಗುವ ಮುಂಚೆ, ಜಿಕೆವಿಕೆಯ ಗೇಟಿನಿಂದ ಬಹಳ ದೂರವಿಲ್ಲದ ಒಂದು ಹಳ್ಳಿಯ ಕಥೆ ಕೇಳಿ. ಯಲಹಂಕ ದಾಟಿ ಹೆಸರಘಟ್ಟದ ಕಡೆ ಹೋದರೆ ಮಾವಳ್ಳಿಪುರ. ಬೆಂಗಳೂರಿನ ಕಸ ವರ್ಷಗಟ್ಟಲೆ ಲಾರಿಗಳಲ್ಲಿ ಬಂದು ಬಿದ್ದದ್ದು ಇಲ್ಲಿ. ನಾತ, ನೊಣ, ನೀರು ಕೆಟ್ಟಿತೆಂಬ ಗೋಳು. ಹಳ್ಳಿಯವರು ಹೋರಾಡಿ, 2012ರಲ್ಲಿ ಅಲ್ಲಿಗೆ ಕಸ ಹಾಕುವುದು ನಿಂತಿತು. ಆಗ ಬೆಂಗಳೂರಿನ ಬೀದಿಬೀದಿಯಲ್ಲಿ ಕಸ ರಾಶಿಯಾಯಿತು, ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಲಾರಿಗಳು ನಗರದ ಪೂರ್ವಕ್ಕಿರುವ ಮಂಡೂರಿನ ಕಡೆ ತಿರುಗಿದವು. 2014ರಲ್ಲಿ ಮಂಡೂರಿನ ಜನವೂ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಅಲ್ಲೂ ನಿಂತಿತು.

ಆ ಗುಡ್ಡೆಯಲ್ಲಿ ಇದ್ದದ್ದು ಬರೀ ಪ್ಲಾಸ್ಟಿಕ್ಕಲ್ಲ. ನಾತಕ್ಕೂ ಕರಿನೀರಿಗೂ ಮೂಲ ಅಡುಗೆಮನೆಯ ಹಸಿಕಸ. ಸಿಪ್ಪೆ, ಅನ್ನ, ಸೊಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಗುಡ್ಡೆ ಮಾಡಿದರೆ ಗಾಳಿಯಿಲ್ಲದೆ ಕೊಳೆಯುತ್ತದೆ, ಕೊಳೆತ ರಸ ನೆಲಕ್ಕಿಳಿಯುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ತೊಟ್ಟಿಯಲ್ಲಿ ಬಿದ್ದರೆ ಗೊಬ್ಬರ. ಒಂದೇ ವಸ್ತು, ಒಂದು ಕಡೆ ಶಾಪ, ಇನ್ನೊಂದು ಕಡೆ ವರ.

"ಅದು ಬೆಂಗಳೂರಿನ ಕಥೆ, ನಮಗೇನು?" ಎನ್ನಬೇಡಿ. ನಿಮ್ಮೂರಿನ ಹೊರವಲಯದಲ್ಲಿ, ಸ್ಮಶಾನದ ಆಚೆಗೋ ಕೆರೆಯ ಕೋಡಿಯ ಹತ್ತಿರವೋ, ಹೊಗೆಯಾಡುವ ಒಂದು ಗುಡ್ಡೆ ಇದೆಯೋ ಇಲ್ಲವೋ ನೋಡಿ. ಅದರ ಪಕ್ಕದಲ್ಲೂ ಯಾರದೋ ಮನೆಯಿದೆ, ಆ ಮನೆಯಲ್ಲೂ ನೀರು ಸೇದುವ ಹೆಂಗಸಿದ್ದಾಳೆ. ಮನೆಯಲ್ಲೇ ಹಸಿಕಸ, ಒಣಕಸ ಬೇರೆ ಮಾಡಿ ಕೊಡಬೇಕೆಂದು 2016ರಲ್ಲೇ ದೇಶಕ್ಕೆಲ್ಲ ನಿಯಮವಾಯಿತು. ಬೇರೆ ಮಾಡಿದ ಮೇಲೆ ಹಸಿಕಸವನ್ನು ಮನೆಯಲ್ಲೇ ಮುಗಿಸಿಬಿಟ್ಟರೆ? ಅಲ್ಲಿಗೆ ನಿಮ್ಮ ಮನೆಯ ಪಾಲಿನ ಗುಡ್ಡೆ ಬೆಳೆಯುವುದು ನಿಂತಿತು.

ಅದಕ್ಕೇ ಹೇಳುವುದು, ತೊಟ್ಟಿ ಆರಿಸುವುದು ಆಟದ ಮಾತಲ್ಲ. ಉತ್ಸಾಹದಲ್ಲಿ ದೊಡ್ಡದು ತಂದು, ಎರಡು ತಿಂಗಳಿಗೆ ನಾತ ಬಂದು, ಮನೆಯವರೆಲ್ಲ ಬೈದು, ಕೊನೆಗೆ ಹುಳುವಿನ ಸಮೇತ ಬೀದಿಗೆ ಸುರಿದರೆ, ಕಸ ಮತ್ತೆ ಅದೇ ಗುಡ್ಡೆಗೆ. ನಡೆಯುವ ಸಣ್ಣ ತೊಟ್ಟಿ, ನಿಂತುಹೋದ ದೊಡ್ಡ ತೊಟ್ಟಿಗಿಂತ ಲೇಸು.

"ನಿಮ್ಮನೇಲಿ ಎಷ್ಟು ಜನ?"

ಮಳಿಗೆಯಲ್ಲಿ ನಿಂತು ನೋಡಿದರೆ ಕಣ್ಣು ತಿರುಗುತ್ತದೆ. ಬಣ್ಣಬಣ್ಣದ ತಟ್ಟೆಗಳ ಗೋಪುರ, ಮಣ್ಣಿನ ಕುಂಡಗಳು, ಹಾಸಿಗೆಯಂಥ ದೊಡ್ಡ ಚೀಲಗಳು. ಸ್ವಸಹಾಯ ಸಂಘದ ಒಬ್ಬಾಕೆ ಜರಡಿ ಹಿಡಿದು ಗೊಬ್ಬರ ಸೋಸುತ್ತಿದ್ದರು. ಹಾಸನದ ಕಡೆಯ ಒಬ್ಬ ಗೃಹಿಣಿ ಕೇಳಿದರು: "ಇದ್ರಲ್ಲಿ ಯಾವ್ದು ಚೆನ್ನಾಗಿರೋದು ಕೊಡಮ್ಮ."

ಆಕೆ ಜರಡಿ ಕೆಳಗಿಟ್ಟು, "ಅಕ್ಕಾ, ಎಲ್ಲಾನೂ ಚೆನ್ನಾಗೇ ಇದಾವೆ. ನಿಮ್ಮನೇಲಿ ಎಷ್ಟು ಜನ? ದಿನಾ ಎಷ್ಟು ಸಿಪ್ಪೆ ಬೀಳತ್ತೆ? ನೆರಳೆಲ್ಲಿದೆ? ನೀವಿಲ್ದಾಗ ನೋಡ್ಕೊಳ್ಳೋರು ಯಾರು? ಮೊದಲು ಅದು ಹೇಳಿ, ಆಮೇಲೆ ತೊಟ್ಟಿ" ಅಂದರು. ಇದಕ್ಕಿಂತ ಒಳ್ಳೆಯ ಪಾಠ ಆ ಮೇಳದಲ್ಲಿ ಬೇರೆ ಇರಲಾರದು!

ಆದ್ದರಿಂದ ಮನೆಯಿಂದ ಹೊರಡುವ ಮುಂಚೆಯೇ ಒಂದು ಕೆಲಸ ಮಾಡಿ. ಒಂದು ವಾರ ದಿನದಿನದ ಸಿಪ್ಪೆಯನ್ನು ತೂಗಿ ಬರೆದಿಡಿ. ತಕ್ಕಡಿ ಇಲ್ಲದಿದ್ದರೆ ತರಕಾರಿಯವನ ತಕ್ಕಡಿಯಾದರೂ ಆದೀತು. ಲೆಕ್ಕ ಸುಲಭ: ವಾರಕ್ಕೆ ಅರ್ಧ ಕಿಲೋ ಕಸಕ್ಕೆ ತೊಟ್ಟಿಯ ಬಾಯಿ ಒಂದು ಚದರ ಅಡಿ ಇರಬೇಕು. ಆಳ ಮುಖ್ಯವಲ್ಲ, ಅಗಲ ಮುಖ್ಯ, ಏಕೆಂದರೆ ಈ ಹುಳುಗಳು ಮೇಲ್ಪದರದಲ್ಲೇ ಮೇಯುವವು. ಒಂದರಿಂದ ಒಂದೂವರೆ ಅಡಿ ಆಳ ಧಾರಾಳವಾಯಿತು.

ಈಗ ಒಂದೊಂದೇ ನೋಡೋಣ.

ಮಣ್ಣಿನ ಕುಂಡ: ಒಂದೂವರೆ ಅಡಿ ಬಾಯಿಯ ಕುಂಡಕ್ಕೆ ಚದರ ಲೆಕ್ಕದಲ್ಲಿ ಒಂದೂಮುಕ್ಕಾಲು ಅಡಿಯಾಗುತ್ತದೆ. ಎಂದರೆ ವಾರಕ್ಕೆ ಮುಕ್ಕಾಲರಿಂದ ಒಂದು ಕಿಲೋ. ಇಬ್ಬರೇ ಇರುವ ಮನೆಗೆ ಹಿಡಿಸುತ್ತದೆ. ಮಣ್ಣು ಬೆವರುವುದರಿಂದ ಒಳಗೆ ತಂಪು. ರಾಯಚೂರು, ಕಲಬುರಗಿ, ಬಳ್ಳಾರಿಯ ಬಿಸಿಲಿಗೆ ಇದೇ ಮೇಲು. ಆದರೆ ಬೇಗ ಒಣಗುತ್ತದೆ, ನೀರಿನ ಮೇಲೆ ಗಮನವಿರಬೇಕು. ನಿಮ್ಮೂರ ಕುಂಬಾರರಿಗೇ ಹೇಳಿ ಬದಿಯಲ್ಲಿ ತೂತು ಬಿಟ್ಟ ಕುಂಡ ಮಾಡಿಸಬಹುದು.

ತಟ್ಟೆಗಳ ಗೋಪುರ: ತಳದಲ್ಲಿ ತೂತಿರುವ ಪ್ಲಾಸ್ಟಿಕ್ ತಟ್ಟೆಗಳು ಒಂದರ ಮೇಲೊಂದು. ಕೆಳಗಿನದು ತುಂಬಿದಾಗ ಮೇಲಿನದಕ್ಕೆ ಕಸ ಹಾಕಿದರೆ ಹುಳುಗಳು ತಾವೇ ಮಹಡಿ ಹತ್ತುತ್ತವೆ. ಬಾಡಿಗೆ ಮನೆಯವರಿಗೆ, ಬಾಲ್ಕನಿ ಮಾತ್ರ ಇರುವವರಿಗೆ ಅನುಕೂಲ. ಬೆಲೆ ಹೆಚ್ಚು. ಬಿಸಿಲಿಗೆ ಕಾದರೆ ಒಳಗಿನವು ಬೆಂದೇಹೋಗುತ್ತವೆ. ಕೊಳ್ಳುವಾಗ ತಟ್ಟೆ ಎತ್ತಿ ನೋಡಿ. ತುಂಬಿದ ಮೇಲೆ ಅದನ್ನು ಎತ್ತಬೇಕಾದವರು ನೀವೇ.

ಹಳೆಯ ಟಬ್ಬು: ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಟಬ್ಬು ಮೂರು ಚದರ ಅಡಿಯಾಯಿತು. ದಿನಕ್ಕೆ ಇನ್ನೂರು ಗ್ರಾಂ ತಡೆಯುತ್ತದೆ. ತಳಕ್ಕೆ ಹತ್ತಾರು ತೂತು, ಬದಿಯ ಮೇಲ್ಭಾಗಕ್ಕೆ ಗಾಳಿಗೆ ಕೆಲವು ತೂತು, ಅಡಿಗೆ ನಾಲ್ಕು ಇಟ್ಟಿಗೆ, ಕೆಳಗೊಂದು ತಟ್ಟೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ದುಡ್ಡು ಖರ್ಚಿಲ್ಲ, ಕೈ ಪಳಗಿದ ಮೇಲೆ ಬೇರೆ ಕೊಂಡರಾಯಿತು.

ಸಿಮೆಂಟಿನ ಬಳೆ ಅಥವಾ ತೊಟ್ಟಿ: ಬಾವಿಗೆ ಇಳಿಸುವಂಥ ಮೂರಡಿ ಅಗಲದ ಬಳೆ ಸುಮಾರು ಏಳು ಚದರ ಅಡಿ. ದಿನಕ್ಕೆ ಅರ್ಧ ಕಿಲೋ ಕಸ ಬೀಳುವ ತುಂಬಿದ ಮನೆಗೆ ಸರಿಹೋಗುತ್ತದೆ. ಹಿತ್ತಿಲಿರುವವರಿಗೆ ಇದಕ್ಕಿಂತ ಬಾಳಿಕೆಯದು ಇಲ್ಲ. ತಳ ಇಳಿಜಾರಾಗಿರಲಿ, ನೀರು ಹೋಗಲು ಕಂಡಿ ಇರಲಿ. ಹೊಸ ಸಿಮೆಂಟಿನ ಖಾರ ಹುಳುವಿಗೆ ಆಗದು. ವಾರ ಹತ್ತು ದಿನ ನೀರು ತುಂಬಿಸಿಟ್ಟು, ಚೆಲ್ಲಿ, ಆಮೇಲೆ ಉಪಯೋಗಿಸಿ.

ಹಾಸಿಗೆ ಚೀಲ: 12 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರದ್ದು. ದನ ಕಟ್ಟಿದವರಿಗೆ, ತೋಟವಿದ್ದವರಿಗೆ. ಬರೀ ಅಡುಗೆಮನೆಯ ಕಸಕ್ಕೆ ಇದನ್ನು ಕೊಂಡರೆ ಇಬ್ಬರ ಮನೆಗೆ ಮದುವೆ ಹಂಡೆಯಲ್ಲಿ ಅನ್ನ ಮಾಡಿದ ಹಾಗೆ.

ಸಿರ್ಸಿ, ತೀರ್ಥಹಳ್ಳಿ, ಮಡಿಕೇರಿಯವರು ಎಲ್ಲಕ್ಕಿಂತ ಮೊದಲು ಮಳೆಯನ್ನು ಯೋಚಿಸಿ. ಸೂರಿನಡಿ ಜಾಗವಿಲ್ಲದಿದ್ದರೆ ಯಾವ ತೊಟ್ಟಿಯೂ ಆಷಾಢಕ್ಕೆ ಕೆರೆಯಾಗುತ್ತದೆ. ಬಯಲುಸೀಮೆಯವರು ಏಪ್ರಿಲ್ ಮೇ ತಿಂಗಳನ್ನು ಯೋಚಿಸಿ. ತೊಟ್ಟಿಯೊಳಗೆ 35 ಡಿಗ್ರಿ ದಾಟಿದರೆ ಹುಳು ತಾಳದು. ಬೇವಿನ ಮರದಡಿ, ಬಚ್ಚಲುಮನೆಯ ಉತ್ತರದ ಗೋಡೆಗೆ, ಮೇಲೆ ಒದ್ದೆ ಗೋಣಿ. ಹಾಗಿಟ್ಟರೆ ದಾಟಿಸಬಹುದು.

ತೊಟ್ಟಿ ಹೂಡುವ ವಿಧಾನ

ಬೇಕಾಗುವ ಸಾಮಗ್ರಿ (ಟಬ್ಬಿನ ಅಳತೆಗೆ):
ಇಟ್ಟಿಗೆ ಚೂರು ಅಥವಾ ಹೆಂಚಿನ ಚೂರು – ತಳಕ್ಕೆ ಎರಡು ಅಂಗುಲ
ತೆಂಗಿನ ನಾರು, ಒಣಗಿದ ಎಲೆ, ಹರಿದ ಪತ್ರಿಕೆ ಕಾಗದ – ನೆನೆಸಿ ಹಿಂಡಿದ್ದು, ಆರು ಅಂಗುಲ
ಹಳೆಯ ಸಗಣಿ – ಎರಡು ಬೊಗಸೆ
ಮಣ್ಣು – ಒಂದು ಹಿಡಿ
ಎರೆಹುಳು – ಕಾಲು ಕಿಲೋ
ಗೋಣಿಚೀಲದ ತುಂಡು – ಮುಚ್ಚಲು

ಮಾಡುವ ವಿಧಾನ: ತಳಕ್ಕೆ ಇಟ್ಟಿಗೆ ಚೂರು ಹರಡಿ. ಅದರ ಮೇಲೆ ನಾರು, ಎಲೆ, ಕಾಗದದ ಹಾಸಿಗೆ. ಹೊಳಪಿನ ಬಣ್ಣದ ಕಾಗದ ಬೇಡ. ಹಾಸಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಾಗಬಾರದು. ಸಗಣಿ ಹದಿನೈದು ಇಪ್ಪತ್ತು ದಿನ ಹಳೆಯದಾಗಿರಲಿ. ಹಸಿ ಸಗಣಿ ಒಳಗೊಳಗೇ ಬಿಸಿಯೇರಿ ಹುಳುಗಳನ್ನು ಕೊಲ್ಲುತ್ತದೆ. ಒಂದು ಹಿಡಿ ಮಣ್ಣು ಉದುರಿಸಿ, ಹಲ್ಲಿಲ್ಲದ ಹುಳುವಿಗೆ ಅದೇ ಬೀಸುವಕಲ್ಲು. ಕೊನೆಗೆ ಹುಳು ಬಿಡಿ. ಬೆಳಕಿಗೆ ಹೆದರಿ ತಾವೇ ಒಳಗಿಳಿಯುತ್ತವೆ. ಒದ್ದೆ ಗೋಣಿ ಮುಚ್ಚಿ. ಮೂರು ನಾಲ್ಕು ದಿನ ಏನೂ ಹಾಕಬೇಡಿ, ಹೊಸ ಮನೆಗೆ ಒಗ್ಗಿಕೊಳ್ಳಲಿ.

ಹುಳು ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿಂದೀತೆಂದು ಲೆಕ್ಕ. ಕಾಲು ಕಿಲೋ ಹುಳುವಿಗೆ ದಿನಕ್ಕೆ ನೂರು ಗ್ರಾಂ ಸಿಪ್ಪೆ. ಒಂದೇ ಮೂಲೆಯಲ್ಲಿ ಹೂತು ಹಾಸಿಗೆ ಎಳೆಯಿರಿ, ನಾಳೆ ಇನ್ನೊಂದು ಮೂಲೆ. ಹಾಕಿದ್ದು ಕರಗದಿದ್ದರೆ ಹೊಸದು ಬೇಡ. ಹೊಟ್ಟೆ ತುಂಬಿದ ಮಗುವಿಗೆ ತುತ್ತು ತುರುಕಿದರೆ ಏನಾಗುತ್ತದೆಂದು ನಿಮಗೆ ಹೇಳಿಕೊಡಬೇಕೇ? ಹುಳು ಹೆಚ್ಚಿದಂತೆ ಪ್ರಮಾಣ ಹೆಚ್ಚಿಸಿ. ಅಲ್ಲಿಯವರೆಗೆ ಉಳಿದ ಸಿಪ್ಪೆ ಬೀದಿಯ ಹಸುವಿಗೆ, ಇಲ್ಲವೇ ಗಾಡಿಗೆ ಹೋಗಲಿ, ಚಿಂತೆಯಿಲ್ಲ.

ಹಾಕಬಹುದಾದ್ದು: ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ, ಬಾಳೆಹಣ್ಣಿನ ಸಿಪ್ಪೆ, ಹರಿದ ಊಟದೆಲೆ, ಕಾಫಿ ಚರಟ, ಟೀ ಸೊಪ್ಪು, ಬಾಡಿದ ಹೂವು (ದಾರ, ತಂತಿ ತೆಗೆದು), ಪುಡಿ ಮಾಡಿದ ಮೊಟ್ಟೆ ಚಿಪ್ಪು. ಸಣ್ಣಗೆ ಹೆಚ್ಚಿದಷ್ಟೂ ಬೇಗ.

ಹಾಕಬಾರದ್ದು: ಉಪ್ಪಿನಕಾಯಿ, ಹುಳಿ-ಸಾರಿನ ಗಷ್ಟು, ಎಣ್ಣೆಯದು, ಮಾಂಸ ಮೀನು, ಮಜ್ಜಿಗೆ ಮೊಸರು. ನಿಂಬೆ ಹೋಳು, ಈರುಳ್ಳಿ ಬೆಳ್ಳುಳ್ಳಿ ಸಿಪ್ಪೆ, ಮೆಣಸಿನಕಾಯಿ ರಾಶಿ ಬೇಡ, ಅಲ್ಪಸ್ವಲ್ಪ ಬಿದ್ದರೆ ಪ್ರಮಾದವಿಲ್ಲ. ಉಪ್ಪು ಹುಳುವಿಗೆ ವಿಷ ಎಂಬುದು ನೆನಪಿರಲಿ.

ತೊಂದರೆಗಳು, ಪರಿಹಾರಗಳು

ನಾತ ಬಂತೇ? ಸರಿಯಾಗಿ ನಡೆಯುವ ತೊಟ್ಟಿಗೆ ಮೊದಲ ಮಳೆಯ ಮಣ್ಣಿನ ವಾಸನೆ ಇರುತ್ತದೆ. ನಾತ ಬಂದರೆ ಕಸ ಹೆಚ್ಚಾಯಿತು, ಇಲ್ಲವೇ ನೀರು ಹೆಚ್ಚಾಯಿತು. ಒಂದು ವಾರ ಕಸ ನಿಲ್ಲಿಸಿ, ಒಣ ಎಲೆ, ಕಾಗದ ಬೆರೆಸಿ, ಕೈಯಿಂದ ಮೆಲ್ಲಗೆ ಸಡಿಲಿಸಿ.

ಇರುವೆ ಬಂತೇ? ತೊಟ್ಟಿ ಒಣಗಿದೆ ಎಂದರ್ಥ. ನೀರು ಚಿಮುಕಿಸಿ. ಅಜ್ಜಿಯ ಕಾಲದಲ್ಲಿ ತಿಂಡಿ ಕಪಾಟಿನ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಇಲ್ಲೂ ಅದೇ ಉಪಾಯ. ಇರುವೆ ಪುಡಿ, ಜಿರಲೆ ಔಷಧಿ ಮಾತ್ರ ಹತ್ತಿರ ಸುಳಿಯಕೂಡದು.

ಸಣ್ಣ ನೊಣ ಗುಂಯ್ ಅಂದರೆ ಸಿಪ್ಪೆಯನ್ನು ಮೇಲೆ ಬಿಡದೆ ಹೂಳಿ. ಇಲಿ, ಹೆಗ್ಗಣ, ಕೋಳಿಗೆ ಎರೆಹುಳು ಹಬ್ಬದೂಟ. ಮೇಲೆ ಕಬ್ಬಿಣದ ಜಾಲರಿ ಬಿಗಿಯಿರಿ. ಹುಳುಗಳು ಗೋಡೆ ಹತ್ತಿ ಓಡಿಹೋಗಲು ನೋಡುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ: ಬಿಸಿಯೋ, ಹುಳಿಯೋ, ನೀರೋ. ಹುಡುಕಿ ಸರಿಮಾಡಿ.

ಇನ್ನು ಮನೆಯವರ ತೊಂದರೆ. "ಮಡಿ ಮೈಲಿಗೆ ಇರೋ ಮನೇಲಿ ಹುಳ ಸಾಕ್ತೀಯಾ?" ಎಂದು ಅತ್ತೆಯವರು ಮುನಿಸಿಕೊಂಡಾರು. ವಾದ ಬೇಡ. ಮೊದಲ ಗೊಬ್ಬರವನ್ನು ತುಳಸಿಕಟ್ಟೆಗೇ ಹಾಕಿ, ಎರಡು ವಾರ ಬಿಟ್ಟು ಅವರನ್ನೇ ಕರೆದು ತೋರಿಸಿ. ತುಳಸಿಯ ಚಿಗುರು ನಿಮ್ಮ ಪರವಾಗಿ ಮಾತಾಡುತ್ತದೆ. ಹಬ್ಬಕ್ಕೆ ತವರಿಗೆ ಹೊರಟರೆ? ಹತ್ತು ಹದಿನೈದು ದಿನ ಹುಳು ಉಪವಾಸ ಬೀಳುವುದಿಲ್ಲ, ಹಾಸಿಗೆಯನ್ನೇ ತಿನ್ನುತ್ತದೆ. ಸ್ವಲ್ಪ ಹೆಚ್ಚು ಕಾಗದ, ಎಲೆ ತುಂಬಿ, ತೇವ ನೋಡಿ, ನೆರಳಿನಲ್ಲಿಟ್ಟು ನೆಮ್ಮದಿಯಾಗಿ ಹೋಗಿಬನ್ನಿ. ಬೇಸಗೆಯಾದರೆ ಮಾತ್ರ ನೆರೆಮನೆಯವರಿಗೆ ಎರಡು ದಿನಕ್ಕೊಮ್ಮೆ ಗೋಣಿ ಒದ್ದೆ ಮಾಡಲು ಹೇಳಿ.

ಗೊಬ್ಬರ ತೆಗೆಯುವುದು

ಎರಡು ಮೂರು ತಿಂಗಳಿಗೆ ಹಾಸಿಗೆ ಕರಿಯ ಪುಡಿಯಾಗುತ್ತದೆ. ಆಗ ನೀರು ನಿಲ್ಲಿಸಿ, ತೊಟ್ಟಿಯ ಒಂದೇ ಅರ್ಧಕ್ಕೆ ಕಸ ಹಾಕುತ್ತಾ ಬನ್ನಿ. ಹದಿನೈದು ದಿನದಲ್ಲಿ ಹುಳುಗಳಲ್ಲಿ ಬಹುಪಾಲು ಊಟವಿದ್ದ ಕಡೆ ಹೊರಟುಹೋಗುತ್ತವೆ, ಇನ್ನರ್ಧದ ಗೊಬ್ಬರ ನಿಮ್ಮದು. ಅವಸರವಿದ್ದರೆ ಎಲ್ಲವನ್ನೂ ಬೆಳಕಿನಲ್ಲಿ ಗೋಣಿಯ ಮೇಲೆ ಸಣ್ಣ ಗೋಪುರಗಳಾಗಿ ಸುರಿಯಿರಿ. ಹುಳು ಕೆಳಗಿಳಿದ ಹಾಗೆ ಮೇಲಿನದನ್ನು ತೆಗೆಯುತ್ತಾ ಹೋಗಿ. ರವೆ ಜರಡಿಗಿಂತ ದೊಡ್ಡ ಕಣ್ಣಿನದರಲ್ಲಿ ಸೋಸಿ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಕಾಳು ಕಂಡರೆ ಎಸೆಯಬೇಡಿ, ಅವು ಮೊಟ್ಟೆಯ ಗೂಡುಗಳು. ತೊಟ್ಟಿಗೇ ವಾಪಸು.

ಮಲ್ಲಿಗೆ, ಗುಲಾಬಿ, ಕರಿಬೇವಿನ ಕುಂಡಕ್ಕೆ ತಿಂಗಳಿಗೆ ಒಂದು ಹಿಡಿ ಸಾಕು. ಕೆಳತಟ್ಟೆಯಲ್ಲಿ ಕಂದುನೀರು ನಿಂತರೆ ಹತ್ತು ಪಾಲು ನೀರು ಬೆರೆಸಿ ಹೂಗಿಡಗಳ ಬುಡಕ್ಕೆ ಹಾಕಿ. ದಿನಾ ತಟ್ಟೆ ತುಂಬುತ್ತಿದ್ದರೆ ಅದು ಲಾಭವಲ್ಲ, ನೀವು ನೀರು ಹೆಚ್ಚು ಹಾಕುತ್ತಿದ್ದೀರಿ ಎಂಬ ಸೂಚನೆ.

ಹೋಗುವವರಿಗೆ ಒಂದೆರಡು ಮಾತು

ಕೃಷಿ ಮೇಳದ ದಿನಾಂಕ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಭಾನುವಾರ ಕಾಲಿಡಲು ಜಾಗವಿರದು, ವಾರದ ದಿನ, ಬೆಳಿಗ್ಗೆಯೇ ತಲುಪಿ. ನಡೆದಾಟ ಬಹಳ, ಹಳೆಯ ಚಪ್ಪಲಿ ಒಳ್ಳೆಯದು. ಮಧ್ಯಾಹ್ನ ಮುದ್ದೆ ಊಟಕ್ಕೆ ಸಾಲಿನಲ್ಲಿ ನಿಲ್ಲುವ ತಾಳ್ಮೆಯಿರಲಿ, ಇಲ್ಲದಿದ್ದರೆ ಬುತ್ತಿ ಕಟ್ಟಿಕೊಳ್ಳಿ. ಹುಳು ಕೊಂಡರೆ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಬೇಡಿ. ಒದ್ದೆ ನಾರಿನೊಂದಿಗೆ ಬಟ್ಟೆ ಚೀಲದಲ್ಲಿಟ್ಟು, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ, ಕಾಲ ಬಳಿ ಇಟ್ಟುಕೊಳ್ಳಿ.

ಬೆಂಗಳೂರು ದೂರವೆನ್ನುವವರು ಬೇಸರಪಡಬೇಕಾಗಿಲ್ಲ. ಧಾರವಾಡ, ರಾಯಚೂರುಗಳಲ್ಲೂ ಕೃಷಿ ವಿಶ್ವವಿದ್ಯಾನಿಲಯಗಳಿವೆ. ಬಹುತೇಕ ಪ್ರತಿ ಜಿಲ್ಲೆಯಲ್ಲೂ ಒಂದು ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿ ವಿಚಾರಿಸಿದರೆ ಹುಳು ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ನಿಮ್ಮ ಊರಿನಲ್ಲೇ ಎರೆಗೊಬ್ಬರ ಮಾಡುವ ರೈತರಿದ್ದರೆ ಇನ್ನೂ ಸುಲಭ, ಒಂದು ಬೊಗಸೆ ಹುಳು ಕೊಡಲು ಯಾರೂ ಇಲ್ಲವೆನ್ನುವುದಿಲ್ಲ.

ತೂಕದ ಲೆಕ್ಕ ಮಾತ್ರ ನಾಳೆಯಿಂದಲೇ ಶುರುವಾಗಲಿ. ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಿರಿ: ಸೋಮವಾರ ಇನ್ನೂರು ಗ್ರಾಂ, ಮಂಗಳವಾರ ಮುನ್ನೂರು. ವಾರದ ಕೊನೆಗೆ ಕೂಡಿಸಿದಾಗ ಎಂಥ ತೊಟ್ಟಿ ಬೇಕೆಂದು ನಿಮಗೇ ಗೊತ್ತಾಗುತ್ತದೆ. ಊರ ಹೊರಗಿನ ಗುಡ್ಡೆಗೆ ವರ್ಷಕ್ಕೆ ನಿಮ್ಮ ಮನೆಯಿಂದ ಎಷ್ಟು ಹೋಗುತ್ತಿತ್ತು ಎಂಬುದೂ ಗೊತ್ತಾಗುತ್ತದೆ.